ಮೊದಲು ಚಾನೆಲ್, ಆಮೇಲೆ ಆಕಾಶ, ಕೊನೆಗೆ ಡಿಶ್

"ಎಷ್ಟು ಅಡಿ ಡಿಶ್ ತರಲಿ ಮಾರಾಯ?" ಅಂತ ನೆಂಟರು ಫೋನ್ ಮಾಡಿದಾಗೆಲ್ಲ ನಾನು ತಿರುಗಿ ಕೇಳುವುದು ಒಂದೇ. ಮನೆಯಲ್ಲಿ ಯಾರು ಏನು ನೋಡ್ತಾರೆ? ಇದಕ್ಕೆ ಉತ್ತರ ಸಿಗದೆ ಅಂಗಡಿಗೆ ಹೋದರೆ, ಅಂಗಡಿಯವನ ಹತ್ತಿರ ಯಾವುದು ಉಳಿದಿದೆಯೋ ಅದೇ ನಿಮ್ಮ ಮನೆಗೆ ಬರುತ್ತದೆ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಕೇಬಲ್ ಬಂದಿಲ್ಲ. ಮುಂದೆ ಅಡಕೆ ತೋಟ, ಹಿಂದೆ ದರೆ. ಟಿವಿ ಬೇಕು ಅಂದರೆ ಡಿಶ್ಶೇ ಗತಿ. ಹೊಸದಾಗಿ ಹಾಕುವಾಗ ಒಂದು ಹಾಳೆಯಲ್ಲಿ ಪಟ್ಟಿ ಬರೆದೆ. ಅಪ್ಪಯ್ಯನಿಗೆ ಚಂದನ ಮತ್ತು ಕನ್ನಡ ಸುದ್ದಿ. ಅಮ್ಮನಿಗೆ ಸಂಜೆಯ ಧಾರಾವಾಹಿ, ಅದೂ ಜೀ ಕನ್ನಡದ್ದೇ ಆಗಬೇಕು. ಮಕ್ಕಳ ಸಾಲು ಖಾಲಿ ಬಿಟ್ಟೆ. ಅವರು ಹೇಗೂ ಮೊಬೈಲಿನಲ್ಲೇ ಇರ್ತಾರೆ.

ಪಟ್ಟಿಯನ್ನು ಎರಡು ಪಾಲು ಮಾಡಬೇಕು: ಪುಕ್ಕಟೆ ಬರುವವು, ದುಡ್ಡು ಕೊಡಬೇಕಾದವು. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎಲ್ಲಾ ಪೇ ಚಾನೆಲ್. ಸಿಗ್ನಲ್ಲಿಗೆ ಬೀಗ ಹಾಕಿಯೇ ಕಳಿಸುತ್ತಾರೆ. ಹನ್ನೆರಡು ಅಡಿ ಡಿಶ್ ಇಟ್ಟರೂ ಆ ಬೀಗ ತೆಗೆಯುವುದಿಲ್ಲ. ಕನ್ನಡ ಸುದ್ದಿ ಚಾನೆಲ್ಲುಗಳು ಬಹುಪಾಲು ಫ್ರೀ ಟು ಏರ್. ಚಂದನವಂತೂ ಪ್ರಸಾರ ಭಾರತಿಯ ಫ್ರೀ ಡಿಶ್‌ನಲ್ಲಿ ಬರುತ್ತದೆ, ತಿಂಗಳ ಬಾಡಿಗೆ ಇಲ್ಲ. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್ಲುಗಳ ಜಾಗವನ್ನು ಹರಾಜು ಹಾಕುತ್ತಾರೆ, ಆದ್ದರಿಂದ ಆ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಇವತ್ತು ಬಂದದ್ದು ಮುಂದಿನ ವರ್ಷ ಇರುತ್ತದೆ ಅಂತ ನಂಬಿಕೊಂಡು ಡಿಶ್ ಹಾಕಬೇಡಿ.

ಅಮ್ಮನ ಧಾರಾವಾಹಿಗೆ ಡಿಟಿಎಚ್ ಸಂಪರ್ಕ ಬೇಕೇ ಬೇಕು, ಉಳಿದದ್ದು ಪುಕ್ಕಟೆ ಸಿಗುತ್ತದೆ ಎನ್ನುವುದು ಹಾಳೆಯ ಮೇಲೇ ತೀರ್ಮಾನವಾಯಿತು. ಯಾವ ಡಿಟಿಎಚ್ ಅನ್ನುವುದನ್ನು ಮಾತ್ರ ತೋಟ ತೀರ್ಮಾನಿಸಿತು.

ಹೇಗೆ ಅಂದರೆ, ಈ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ನೆತ್ತಿಯಲ್ಲಿ ಸುಮಾರು 36,000 ಕಿಲೋಮೀಟರ್ ಮೇಲೆ ಸಾಲಾಗಿ ನಿಂತಿರುತ್ತವೆ. ಅವುಗಳ ವಿಳಾಸ ಅಂದರೆ ರೇಖಾಂಶ. ಟಾಟಾ ಪ್ಲೇ 83 ಡಿಗ್ರಿ ಪೂರ್ವ, ಡಿ2ಎಚ್ 88, ಡಿಶ್ ಟಿವಿ 95, ಏರ್‌ಟೆಲ್ 108.2. ಫ್ರೀ ಡಿಶ್ ಬರುವುದು 93.5ರಲ್ಲಿರುವ ಜಿಸ್ಯಾಟ್ 15ರಿಂದ. ಇಸ್ರೋದ ಈ ಉಪಗ್ರಹ 2015ರ ನವೆಂಬರ್‌ನಲ್ಲಿ ಮೇಲೆ ಹೋಯಿತು, ಅದರ ಉಸ್ತುವಾರಿ ನಮ್ಮ ಹಾಸನದ ಕೇಂದ್ರದ್ದು. ಸನ್ ಡೈರೆಕ್ಟ್ ಕೂಡ 93.5ರಿಂದ ಚಾನೆಲ್ ಕೊಡುತ್ತದೆ. ಹಾಗಾಗಿ ಮಾಡಿನ ಮೇಲೆ ಸನ್ ಡೈರೆಕ್ಟ್‌ನ ಹಳೇ ಡಿಶ್ ಸುಮ್ನೆ ಕೂತಿದ್ದರೆ ಬಿಸಾಡಬೇಡಿ. ಸ್ವಲ್ಪ ಸರಿಮಾಡಿದರೆ ಫ್ರೀ ಡಿಶ್ಶಿಗೆ ಅದೇ ಸಾಕು, ಬಾಕ್ಸ್ ಒಂದು ತಂದರಾಯಿತು.

ನಮ್ಮೂರಿನಿಂದ ನೋಡಿದರೆ 93.5 ಇರುವುದು ಆಗ್ನೇಯಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿ. 83 ಇನ್ನೂ ಮೇಲೆ, 72ರ ಹತ್ತಿರ. 108.2 ಪೂರ್ವಕ್ಕೆ ವಾಲಿ 49ರಲ್ಲಿ ನಿಂತಿದೆ. ಊರಿನವರಿಗೆ ಈ ಡಿಗ್ರಿ ಲೆಕ್ಕ ಬೇಡ, ಮರದ ಲೆಕ್ಕ ಹೇಳುತ್ತೇನೆ. ಅಂಗಳದಲ್ಲಿ ಡಿಶ್ ಇಟ್ಟಿದ್ದೀರಿ, ಎದುರಿಗೆ 50 ಅಡಿಯ ಅಡಕೆ ಮರ ಇದೆ ಅಂತಿಟ್ಟುಕೊಳ್ಳಿ. 93.5 ಸಿಗಬೇಕಾದರೆ ಮರ ಡಿಶ್ಶಿನಿಂದ 25 ಅಡಿಗಿಂತ ಆಚೆ ಇರಬೇಕು. 108.2 ಬೇಕಾದರೆ 43 ಅಡಿ ಆಚೆ. 83ಕ್ಕೆ 17 ಅಡಿ ಸಾಕು. ನಮ್ಮ ಅಂಗಳದ ಪೂರ್ವಕ್ಕೆ ತೋಟ ಬಹಳ ಹತ್ತಿರ. ಹೀಗಾಗಿ ಅಮ್ಮನಿಗೆ 83ರ ಸಂಪರ್ಕ ತೆಗೆದುಕೊಂಡೆ. ಕಂಪನಿಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಅಂತಲ್ಲ, ಮರ ಕಡಿಯುವುದಕ್ಕಿಂತ ಇದು ಅಗ್ಗ. ಮರ ಬೆಳೆಯುತ್ತದೆ ಅನ್ನುವುದನ್ನೂ ಮರೆಯಬಾರದು. ಇವತ್ತು ಸೋಗೆಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಬಂದ ಸಿಗ್ನಲ್ ಎರಡು ಮಳೆಗಾಲ ಕಳೆದರೆ ಇಲ್ಲ.

ಫ್ರೀ ಡಿಶ್ಶಿಗೆ ಜಾಗ ಹುಡುಕಲು ನಾನು ಮೀಟರ್ ಹಿಡಿಯಲಿಲ್ಲ, ಬಿಸಿಲನ್ನು ನೋಡಿದೆ. ಮಾರ್ಚ್ ಮಧ್ಯದಲ್ಲಿ ಬೆಳಿಗ್ಗೆ ಹನ್ನೊಂದೂ ಕಾಲರ ಸುಮಾರಿಗೆ ನಮ್ಮ ಕಡೆ ಸೂರ್ಯ ಸರಿಯಾಗಿ 93.5ರ ಉಪಗ್ರಹದ ಹಿಂದೆ ಬರುತ್ತಾನೆ. ಸೆಪ್ಟೆಂಬರ್ ಕೊನೆಯಲ್ಲಿ ಇನ್ನೊಮ್ಮೆ, ಹನ್ನೊಂದಕ್ಕೆ ಸ್ವಲ್ಪ ಮೊದಲು. ಆ ಹೊತ್ತಿಗೆ ಅಂಗಳದಲ್ಲಿ ಎಲ್ಲಿ ನೆರಳಿಲ್ಲದೆ ಬಿಸಿಲು ಬೀಳುತ್ತದೋ ಅಲ್ಲಿ ಡಿಶ್ಶಿಗೆ ಆಕಾಶ ಖುಲ್ಲಾ ಇದೆ ಅಂತ ಅರ್ಥ. ನಾನು ಒಂದು ಕೋಲು ನೆಟ್ಟು ನೋಡಿದೆ. ಬಾವಿಕಟ್ಟೆ ಪಕ್ಕದಲ್ಲಿ ಸೋಗೆಯ ನೆರಳು ಗೀರುಗೀರಾಗಿ ಬೀಳುತ್ತಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಶುದ್ಧ ಬಿಸಿಲು. ಪೈಪು ಅಲ್ಲೇ ನೆಟ್ಟೆ. ಅಂದಹಾಗೆ, ಈ ದಿನಗಳಲ್ಲಿ ಕೆಲವು ನಿಮಿಷ ಟಿವಿ ತಾನಾಗಿಯೇ ಕೈಕೊಡುತ್ತದೆ, ಸೂರ್ಯನ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ಆಗ ಡಿಶ್ ತಿರುಗಿಸಲು ಮಾಡು ಹತ್ತಬೇಡಿ.

ಇನ್ನು ಅಳತೆ. ಡಿಟಿಎಚ್ ಎಲ್ಲವೂ ಬರುವುದು ಕೆಯು ಬ್ಯಾಂಡ್ ಅನ್ನುವ ಗಿಡ್ಡ ಅಲೆಗಳಲ್ಲಿ, ಸಾಮಾನ್ಯವಾಗಿ 60 ಸೆಂಟಿಮೀಟರ್ ಡಿಶ್ ಕೊಡುತ್ತಾರೆ. ಬಯಲುಸೀಮೆಗೆ ಅದು ಧಾರಾಳ. ಚಳ್ಳಕೆರೆಯಲ್ಲಿ ನಮ್ಮ ಭಾವನ ಮನೆಯ ಪುಟ್ಟ ಡಿಶ್ ವರ್ಷವಿಡೀ ತಕರಾರಿಲ್ಲದೆ ಓಡುತ್ತದೆ. ಮಲೆನಾಡಿನ ಮಾತೇ ಬೇರೆ. ಕೆಯು ಬ್ಯಾಂಡಿನ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ಚೆನ್ನಾಗಿಯೇ ತಿಂದು ಹಾಕುತ್ತದೆ. ಆಷಾಢದಲ್ಲಿ ಹೊರಗೆ ಹೋಗಲೂ ಆಗದೆ ಟಿವಿಯೂ ಇಲ್ಲದೆ ಕೂರುವುದು ಯಾರಿಗೆ ಬೇಕು? ಅದಕ್ಕೇ ಫ್ರೀ ಡಿಶ್ಶಿಗೆ 90 ಸೆಂಟಿಮೀಟರಿನದು ತಂದೆ. ವ್ಯಾಸ ಒಂದೂವರೆ ಪಟ್ಟು ಆದರೆ ಸಿಗ್ನಲ್ ಹಿಡಿಯುವ ಜಾಗ ಎರಡೂಕಾಲು ಪಟ್ಟು ಆಗುತ್ತದೆ. ಸಾಧಾರಣ ಮಳೆಗೆ ಈಗ ಚಿತ್ರ ಅಲುಗುವುದಿಲ್ಲ. ಧೋ ಅಂತ ಸುರಿದರೆ ಇದೂ ಹೋಗುತ್ತದೆ, ಆದರೆ ಬೇಗ ವಾಪಸ್ ಬರುತ್ತದೆ. ಅಮ್ಮನ ಡಿಶ್ ಮಾತ್ರ ಇನ್ನೂ 60ರದ್ದೇ. ಮಳೆಗಾಲದ ಸಂಜೆ ಅದರ ಬಗ್ಗೆ ನಮ್ಮ ಮನೆಯಲ್ಲಿ ಚರ್ಚೆ ಮಾಡದಿರುವುದು ಒಳ್ಳೆಯದು.

ಮಳೆಗೆ ಜಗ್ಗದ್ದು ಸಿ ಬ್ಯಾಂಡ್, ಅಂದರೆ ದೊಡ್ಡ ಡಿಶ್ಶಿಗೆ ಬರುವ ಉದ್ದನೆಯ ಅಲೆ. ನಮ್ಮ ಕೊಟ್ಟಿಗೆ ಹಿಂದೆ ಅಪ್ಪಯ್ಯನ ಕಾಲದ ಎಂಟಡಿ ಜಾಲರಿ ಡಿಶ್ ಇತ್ತು. ಮಲೆನಾಡಿನ ತುಂಬ ಮನೆಗಳಲ್ಲಿ ಇಂಥದ್ದೊಂದು ಇರುತ್ತದೆ, ಮೇಲೆ ಸೋರೆ ಬಳ್ಳಿ ಹಬ್ಬಿರುತ್ತದೆ. ಜಾಲರಿ ನೆಗ್ಗಿರದಿದ್ದರೆ ಈಗಲೂ ಕೆಲಸಕ್ಕೆ ಬರುತ್ತದೆ. ಸಿ ಬ್ಯಾಂಡಿನ ಅಲೆ ಏಳೂವರೆ ಸೆಂಟಿಮೀಟರ್ ಉದ್ದ, ಸಣ್ಣ ತೂತುಗಳನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. "ಜಾಲರಿ ಡಿಶ್ಶಿಗೇ ಕೆಯು ಎಲ್‌ಎನ್‌ಬಿ ಹಾಕಬಹುದಲ್ವಾ?" ಅಂತ ಕೇಳುವವರಿದ್ದಾರೆ. ಎಲ್‌ಎನ್‌ಬಿ ಅಂದರೆ ಡಿಶ್ಶಿನ ಎದುರು ಕೂತು ಸಿಗ್ನಲ್ ಹಿಡಿಯುವ ತಲೆ. ಕೆಯು ಬ್ಯಾಂಡಿಗೆ ನುಣುಪಾದ ತಗಡೇ ಬೇಕು, ಜಾಲರಿಯಲ್ಲಿ ಆ ಆಸೆ ಬಿಡಿ. ನಾನು ಹೊಸ ಸಿ ಬ್ಯಾಂಡ್ ಎಲ್‌ಎನ್‌ಬಿ ಒಂದನ್ನು ಕೂರಿಸಿ, ನೈಋತ್ಯಕ್ಕೆ 66ರಲ್ಲಿರುವ ಇಂಟೆಲ್‌ಸ್ಯಾಟ್ 17ರ ಕಡೆ ತಿರುಗಿಸಿದೆ. ದಕ್ಷಿಣದ ಭಾಷೆಗಳ ಚಾನೆಲ್ ಅಲ್ಲಿ ಜಾಸ್ತಿ. ಪೇ ಚಾನೆಲ್ಲುಗಳು ಕಪ್ಪಗೆ ಕಾಣುತ್ತವೆ, ಬೀಗವಿಲ್ಲದವು ಬರುತ್ತವೆ. ತಿರುಗಿಸುವ ಮೊದಲು ಲಿಂಗ್‌ಸ್ಯಾಟ್ ಅನ್ನುವ ವೆಬ್‌ಸೈಟಿನಲ್ಲಿ ಆ ದಿನದ ಪಟ್ಟಿ ನೋಡಿಕೊಳ್ಳಿ. ಚಾನೆಲ್ಲುಗಳು ಒಂದು ಉಪಗ್ರಹದಿಂದ ಇನ್ನೊಂದಕ್ಕೆ ಬಿಡಾರ ಬದಲಿಸುತ್ತಿರುತ್ತವೆ.

ಫ್ರೀ ಡಿಶ್ಶಿನದು, ಸಿ ಬ್ಯಾಂಡಿನದು ಈ ಎರಡು ಡಿಶ್‌ಗೆ ಒಂದೇ ಬಾಕ್ಸ್ ಸಾಕು, ನಡುವೆ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಡೈಸೆಕ್ ಸ್ವಿಚ್ ಹಾಕಬೇಕು. ಬಾಕ್ಸಿನ ಮೆನುವಿನಲ್ಲಿ ಎಲ್‌ಎನ್‌ಬಿ ಫ್ರೀಕ್ವೆನ್ಸಿ ಕೇಳಿದಲ್ಲಿ ಕೆಯು ಡಿಶ್ಶಿಗೆ 9750/10600, ಸಿ ಬ್ಯಾಂಡಿಗೆ 5150 ಅಂತ ಕೊಡಿ, ಸ್ವಿಚ್ಚಿನ ಯಾವ ತೂತಿಗೆ ಯಾವ ವಯರ್ ಹೋಗಿದೆಯೋ ಅದೇ ಪೋರ್ಟ್ ಆರಿಸಿ. ಬಾಕ್ಸ್ ಎಂಪೆಗ್ 4ರದ್ದೇ ತಗೊಳ್ಳಿ, ಅದು ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ. ಹಳೇ ಎಂಪೆಗ್ 2 ಬಾಕ್ಸಿನಲ್ಲಿ ಫ್ರೀ ಡಿಶ್‌ನ ಎಷ್ಟೋ ಚಾನೆಲ್ ಕಾಣುವುದೇ ಇಲ್ಲ, ಜನ ಸುಮ್ನೆ ಡಿಶ್ಶನ್ನು ಬೈಯುತ್ತಾರೆ.

ಕೂರಿಸುವಾಗ ಪೈಪು ತೂಗುಗುಂಡಿಗೆ ಸರಿಯಾಗಿ ನೆಟ್ಟಗಿರಬೇಕು. ಫ್ರೀ ಡಿಶ್ಶಿಗೆ ಬಾಕ್ಸಿನಲ್ಲಿ ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿಟ್ಟು ಡಿಶ್ ತಿರುಗಿಸಿದೆ. ಬಾಕ್ಸಿನಲ್ಲಿ ಸ್ಟ್ರೆಂತ್ ಅನ್ನುವ ಪಟ್ಟಿಯನ್ನು ನಂಬಬೇಡಿ, ವಯರ್ ಸಿಕ್ಕಿಸಿದರೆ ಸಾಕು ಅದು ಮೇಲೇರುತ್ತದೆ. ನೋಡಬೇಕಾದ್ದು ಕ್ವಾಲಿಟಿ. ಅದು ಬಂದ ಮೇಲೆ ಎಲ್‌ಎನ್‌ಬಿಯ ತಲೆಯನ್ನು ನಿಧಾನ ತಿರುಗಿಸಿ. ಭೂಮಧ್ಯರೇಖೆಗೆ ನಾವು ಹತ್ತಿರ ಇರುವುದರಿಂದ ಅದು ತುಂಬಾನೇ ವಾರೆ ನಿಲ್ಲುತ್ತದೆ. ನೋಡಲು ಸೊಟ್ಟಗಿದೆ ಅಂತ ಯಾರೋ ನೆಟ್ಟಗೆ ಮಾಡಿಟ್ಟರೆ ಅರ್ಧ ಸಿಗ್ನಲ್ ಹೋಯಿತು.

ಕೊನೆಯ ಖರ್ಚು ಮಂಗಗಳದ್ದು. ಎಲ್‌ಎನ್‌ಬಿ ಕೈಯನ್ನು ಹಿಡಿದು ಜೋತಾಡುವುದು ಅವುಗಳಿಗೆ ಬಲು ಇಷ್ಟ. ಡಿಶ್ಶಿನ ಹಿಂದಿನಿಂದ ಒಂದು ಕಬ್ಬಿಣದ ಪಟ್ಟಿ ಕೊಟ್ಟು ಕೈಯನ್ನು ಬಿಗಿ ಮಾಡಿಸಿದ್ದೇನೆ, ವೆಲ್ಡಿಂಗಿನವನು ಇನ್ನೂರು ರೂಪಾಯಿ ತಗೊಂಡ. ಗುಡುಗು ಶುರುವಾದರೆ ವಯರನ್ನು ಬಾಕ್ಸಿನಿಂದ ಕಿತ್ತಿಡುವ ಕೆಲಸ ಅಪ್ಪಯ್ಯನದು.