ಶೂಮನ್ ಅವರ ‘ಟ್ರಾಯ್ಮರೈ’ಯನ್ನು ಮೂವರ ಕೈಯಲ್ಲಿ ಕೇಳುವುದು ಹೇಗೆ

ಪಿಯಾನೋ ವಾದಕರನ್ನು ಹೋಲಿಸಿ ಕೇಳಬೇಕು ಅಂತ ಆಸೆ ಇದ್ದರೆ, ಮೊದಲಿಗೇ ದೊಡ್ಡ ಸೊನಾಟಾಗೆ ಕೈ ಹಾಕಬೇಡಿ. ಅರ್ಧ ಗಂಟೆಯ ಕೃತಿಯಲ್ಲಿ ಎರಡನೆಯವರು ಮುಗಿಸುವಷ್ಟರಲ್ಲಿ ಮೊದಲನೆಯವರು ಏನು ಮಾಡಿದ್ದರು ಅನ್ನೋದೇ ಮರೆತಿರುತ್ತದೆ. ನಾನು ಯಾರಿಗೇ ಆಗಲಿ ಜರ್ಮನ್ ಸಂಗೀತ ರಚನಕಾರ ರಾಬರ್ಟ್ ಶೂಮನ್ ಅವರ ‘ಟ್ರಾಯ್ಮರೈ’ಯನ್ನೇ ಕೊಡುತ್ತೇನೆ. 1838ರ ರಚನೆ. ‘ಕಿಂಡರ್‌ಸೇನೆನ್’ ಅನ್ನುವ 13 ಪುಟ್ಟ ತುಣುಕುಗಳ ಗುಚ್ಛದಲ್ಲಿ ಇದು ಏಳನೆಯದು. ಬರೀ 24 ಬಾರ್ (ಇಲ್ಲಿ ಒಂದು ಬಾರ್ ಅಂದರೆ ನಾಲ್ಕು ಬೀಟ್, ನಾಲ್ಕು ಎಣಿಕೆ). ಒಂದೇ ಸಂಜೆಯಲ್ಲಿ ಮೂವರನ್ನು ಎರಡೆರಡು ಸಲ ಕೇಳಬಹುದು.

ಮೊದಲು ನೊಟೇಶನ್ ನೋಡಿ. ಐಎಂಎಸ್‌ಎಲ್‌ಪಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಓದಲು ಬರದಿದ್ದರೂ ಪರವಾಗಿಲ್ಲ, ಚುಕ್ಕಿಗಳು ಹತ್ತುವುದು ಇಳಿಯುವುದು ಕಣ್ಣಿಗೆ ಕಾಣುತ್ತದಲ್ವಾ, ಅಷ್ಟು ಸಾಕು. ರಾಗ ‘ಸಿ’ ಸ್ವರದಿಂದ ‘ಎಫ್’ ಸ್ವರಕ್ಕೆ ಹೋಗಿ ಅಲ್ಲೇ ಸ್ವಲ್ಪ ನಿಲ್ಲುತ್ತದೆ. ಆಮೇಲೆ ಒಂದೇ ಉಸಿರಿನಲ್ಲಿ ಹತ್ತಿ ಮೇಲಿನ ‘ಎಫ್’ ಮುಟ್ಟುತ್ತದೆ. ಅಲ್ಲಿಂದ ನಿಧಾನಕ್ಕೆ ಇಳಿಯುತ್ತದೆ. ನಾಲ್ಕು ನಾಲ್ಕು ಬಾರ್‌ಗಳ ಆರು ಸಾಲು, ಆರೂ ಶುರುವಾಗುವುದು ಇದೇ ಚಲನೆಯಿಂದ. ಎರಡನೇ ಸಾಲಿನಲ್ಲಿ ಈ ಜಿಗಿತ ಇನ್ನೂ ಮೇಲೆ ಹೋಗಿ ‘ಎ’ ಮುಟ್ಟುತ್ತದೆ. ಈ ಎರಡು ಜಿಗಿತಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ನಿಮ್ಮ ಹೋಲಿಕೆಯೆಲ್ಲ ನಿಲ್ಲುವುದು ಇವುಗಳ ಮೇಲೆ.

ನಾನು ಆರಿಸುವ ಮೂವರು: 1929ರಲ್ಲಿ ಧ್ವನಿಮುದ್ರಿಸಿದ ಫ್ಯಾನಿ ಡೇವಿಸ್, ಫ್ರಾನ್ಸಿನ ಆಲ್ಫ್ರೆಡ್ ಕೊರ್ತೊ, ಮತ್ತು 1986ರ ಏಪ್ರಿಲ್ 20ರಂದು ಮಾಸ್ಕೋದಲ್ಲಿ ನುಡಿಸಿದ ವ್ಲಾಡಿಮಿರ್ ಹೊರೊವಿಟ್ಜ್. ಮೂವರೂ ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುತ್ತಾರೆ. ಹೊರೊವಿಟ್ಜ್ ಅವರದ್ದನ್ನು ಮಾತ್ರ ಮೊದಲ ಸಲ ಫೋನ್ ಬೋರಲು ಹಾಕಿ ಕೇಳಿ. 1925ರಲ್ಲಿ ಸೋವಿಯತ್ ದೇಶ ಬಿಟ್ಟವರು, 82ನೇ ವಯಸ್ಸಿಗೆ ತಿರುಗಿ ಬಂದು ನುಡಿಸುತ್ತಿದ್ದಾರೆ. ಸಭಿಕರಲ್ಲಿ ಒಬ್ಬರ ಕಣ್ಣೀರು ಕ್ಯಾಮೆರಾದಲ್ಲಿ ಬಂದಿದೆ. ಅದನ್ನು ನೋಡಿದ ಮೇಲೆ ಕಿವಿಗಿಂತ ಮನಸ್ಸೇ ಜಾಸ್ತಿ ಕೇಳಿಸಿಕೊಳ್ಳುತ್ತದೆ. ಮೊದಲು ಬರೀ ಸದ್ದು, ದೃಶ್ಯ ಆಮೇಲೆ.

ವಾಲ್ಯೂಮ್ ಸರಿಮಾಡಿಕೊಳ್ಳುವುದು ಬಹಳ ಮುಖ್ಯ. ಒಂದು ಸ್ವಲ್ಪ ಜೋರಾಗಿದ್ದರೂ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. 1929ರ ತಟ್ಟೆಯ ಚರಚರ ಸದ್ದಿಗೆ ಕಿವಿ ಒಗ್ಗಲಿ, ಅದನ್ನು ವಾದಕಿಯ ಲೆಕ್ಕಕ್ಕೆ ಹಾಕಬೇಡಿ.

ಈಗ ಗಡಿಯಾರ. ಮೊದಲ ಎಂಟು ಬಾರ್ ಎರಡು ಸಲ ಬರುವುದರಿಂದ ಒಟ್ಟು 32 ಬಾರ್, ಅಂದರೆ 128 ಬೀಟ್. ನುಡಿಸಲು ಎಷ್ಟು ಸೆಕೆಂಡ್ ತೆಗೆದುಕೊಂಡರು ನೋಡಿ, 7680ನ್ನು ಅದರಿಂದ ಭಾಗಿಸಿ. ನಿಮಿಷಕ್ಕೆ ಸರಾಸರಿ ಎಷ್ಟು ಬೀಟ್ ಅನ್ನೋದು ಸಿಗುತ್ತದೆ. ಎರಡೂವರೆ ನಿಮಿಷ ತೆಗೆದುಕೊಂಡವರದ್ದು ಸುಮಾರು 51. ಚಪ್ಪಾಳೆ, ಕೊನೆಯ ಮೌನ ಇವನ್ನು ಕಳೆಯಲು ಮರೆಯಬೇಡಿ. ಅಚ್ಚಾದ ನೊಟೇಶನ್‌ನಲ್ಲಿ ಶೂಮನ್ ಅವರದ್ದು ಅಂತ ಇರುವ ಸಂಖ್ಯೆ 100! ಅವರ ಹೆಂಡತಿ ಕ್ಲಾರಾ ಆಮೇಲೆ ತಮ್ಮ ಆವೃತ್ತಿಯಲ್ಲಿ ಅದನ್ನು 80ಕ್ಕೆ ಇಳಿಸಿದರು. ಡೇವಿಸ್ ಇದೇ ಕ್ಲಾರಾ ಅವರ ಶಿಷ್ಯೆ. ಈಗಿನವರಿಗೆ ಹೋಲಿಸಿದರೆ ಅವರ ನುಡಿಸಾಣಿಕೆ ಚುರುಕು. ನಿಧಾನವಾಗಿ ನುಡಿಸಿದರೆ ಮಾತ್ರ ಭಾವ ಬರುತ್ತದೆ ಅನ್ನುವವರು ಇದನ್ನೊಮ್ಮೆ ಕೇಳಲೇಬೇಕು. ರಾಗ ಹಾಡಿನ ಹಾಗೆ ಮುಂದಕ್ಕೆ ಸಾಗುತ್ತದೆ, ಎಲ್ಲೂ ಜೋತುಬೀಳುವುದಿಲ್ಲ. ನನಗೆ ಅತಿ ಇಷ್ಟವಾದದ್ದು ಅದೇ.

ಆದರೆ ಸರಾಸರಿ ವೇಗ ತಿಳಿದ ಮಾತ್ರಕ್ಕೆ ವಾದಕರು ತಿಳಿದ ಹಾಗಲ್ಲ. ಆ ಸಮಯವನ್ನು ಎಲ್ಲಿ ಖರ್ಚು ಮಾಡಿದರು ಅನ್ನೋದನ್ನು ಕೇಳಬೇಕು. 1992ರಲ್ಲಿ ಬ್ರೂನೋ ರೆಪ್ ಅನ್ನುವ ಸಂಶೋಧಕರು 24 ವಾದಕರ 28 ‘ಟ್ರಾಯ್ಮರೈ’ಗಳನ್ನು ಸ್ವರ ಸ್ವರವಾಗಿ ಅಳೆದು ನೋಡಿದ್ದರು. ಸಾಲಿನ ಕೊನೆಗೆ ಬಂದಾಗ ಎಲ್ಲರೂ ನಿಧಾನಿಸುತ್ತಾರೆ. ಸಾಲಿನ ಒಳಗೆ ಮಾತ್ರ ಒಬ್ಬೊಬ್ಬರದ್ದು ಒಂದೊಂದು ದಾರಿ. ಅದರಲ್ಲೂ ಎಲ್ಲರಿಗಿಂತ ಬೇರೆಯಾಗಿ ನಿಂತವರು ಕೊರ್ತೊ ಮತ್ತು ಹೊರೊವಿಟ್ಜ್.

ನೀವೂ ಅಳೆಯಬಹುದು, ಕಿವಿಯಿಂದಲೇ. ಮೊದಲ ಜಿಗಿತದ ತನಕ ಕೇಳಿ, ನಿಲ್ಲಿಸಿ. ಹತ್ತುವ ಸ್ವರಗಳು ಸಮಸಮವಾಗಿದ್ದವಾ? ಮೊದಲು ಓಡಿ ಕೊನೆಗೆ ತಡೆದವಾ? ಮೇಲಿನ ‘ಎಫ್’ ಜೋರಾಯಿತಾ, ಮೆತ್ತಗಾಯಿತಾ? ಒಂದು ಸಾಲು ಬರೆದುಕೊಂಡು ಮುಂದಿನವರಿಗೆ ಹೋಗಿ. ಆಮೇಲೆ ಎರಡನೇ ಜಿಗಿತ. ಮೊದಲನೆಯದಕ್ಕಿಂತ ಇದು ದೊಡ್ಡದು ಅಂತ ವಾದಕರು ನಿಮಗೆ ಅನ್ನಿಸುವ ಹಾಗೆ ಮಾಡಿದರಾ? ಮೊದಲ ಎಂಟು ಬಾರ್ ತಿರುಗಿ ಬಂದಾಗ ಏನಾದರೂ ಬದಲಾಯಿತಾ?

ಮುಂದಿನ ಸುತ್ತಿನಲ್ಲಿ ರಾಗ ಬಿಟ್ಟು ಎಡಗೈ ಕೇಳಿ. ಕೊರ್ತೊ ತಲೆಮಾರಿನವರಲ್ಲಿ ಎಡಗೈ ಒಂದು ಕೂದಲೆಳೆ ಮೊದಲು ಬೀಳುವುದು, ಬಲಗೈ ತಡವಾಗಿ ಬರುವುದು ಮಾಮೂಲಿ. ಅದು ತಪ್ಪಲ್ಲ, ಅವರ ಶೈಲಿ. ಹೊರೊವಿಟ್ಜ್ ಅವರಲ್ಲಿ ಮಧ್ಯದ ಎಳೆಗಳನ್ನು ಹಿಡಿಯಿರಿ. ಮೇಲಿನ ರಾಗ ನಿಂತಾಗ ಒಳಗಿಂದ ಇನ್ನೊಂದು ದನಿ ಏಳುತ್ತದೆ. ಇಯರ್‌ಫೋನ್ ಇದ್ದರೆ ಒಳ್ಳೆಯದು.

ಕೊನೆಗೆ 22ನೇ ಬಾರ್. ಅದೇ ಮೇಲಿನ ‘ಎ’ ಮತ್ತೆ ಬರುತ್ತದೆ, ಆದರೆ ಕೆಳಗಿನ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬೇರೆ. ಮೇಲೆ ಫರ್ಮಾಟಾ, ಅಂದರೆ ಇಲ್ಲಿ ಬೇಕಾದಷ್ಟು ನಿಲ್ಲಬಹುದು ಅನ್ನುವ ಗುರುತು. ಎಷ್ಟು ನಿಲ್ಲಬೇಕು ಅಂತ ಶೂಮನ್ ಹೇಳಿಲ್ಲ. ಇಲ್ಲಿ ಯಾರೂ ಅಡಗಿಕೊಳ್ಳಲು ಆಗುವುದಿಲ್ಲ. ಮೂವರದ್ದನ್ನೂ ಈ ಜಾಗದಲ್ಲಿ ಬೆನ್ನುಬೆನ್ನಿಗೆ ಹಾಕಿ ಕೇಳಿ. ನಾನು ಮಗಳ ಕೈಗೆ ಫೋನ್ ಕೊಟ್ಟು, ‘ಯಾರದ್ದು ಅಂತ ಹೇಳಬೇಡ’ ಅಂತ ಹಿಂದೆ ಮುಂದೆ ಮಾಡಿ ಹಾಕಿಸುತ್ತೇನೆ. ಹೆಸರು ಗೊತ್ತಿಲ್ಲದಾಗ ಕಿವಿ ಪ್ರಾಮಾಣಿಕವಾಗಿರುತ್ತದೆ.

ಇಷ್ಟಾದ ಮೇಲೆ ಇಡೀ ಗುಚ್ಛ ನುಡಿಸಿದವರದ್ದು ಹಾಕಿಕೊಂಡು ಆರು, ಏಳು, ಎಂಟನೇ ತುಣುಕುಗಳನ್ನು ಒಟ್ಟಿಗೆ ಕೇಳಿ. ಆರನೆಯದು ಜೋರು ಹೆಜ್ಜೆಯ, ಗತ್ತಿನ ತುಣುಕು. ಅದು ಮುಗಿದು ‘ಟ್ರಾಯ್ಮರೈ’ಯ ಮೊದಲ ‘ಸಿ’ ಬರುವ ತನಕ ಎಷ್ಟು ಹೊತ್ತು ಸುಮ್ಮನಿದ್ದರು ಅನ್ನೋದನ್ನೂ ಬರೆದುಕೊಳ್ಳಿ. ಮಾಸ್ಕೋದ ಹೊರೊವಿಟ್ಜ್ ಇದನ್ನು ಕಛೇರಿಯ ಕೊನೆಗೆ ಬಿಡಿಯಾಗಿ ನುಡಿಸಿದ್ದು, ಹಾಗಾಗಿ ಈ ಒಂದು ಹೋಲಿಕೆಗೆ ಅವರನ್ನು ಬಿಟ್ಟು ಡೇವಿಸ್, ಕೊರ್ತೊ ಇಬ್ಬರನ್ನೇ ಇಟ್ಟುಕೊಳ್ಳಿ.