ಚಂದ್ರನ ಮೇಲಿಳಿಯುವ ನೌಕೆಗೆ ನರಜಾಲದ ತರಬೇತಿ

ಭೂಮಿಯಿಂದ ಚಂದ್ರನಿಗೆ ಸಂಕೇತ ಹೋಗಿಬರಲು ಸುಮಾರು 2.6 ಸೆಕೆಂಡು ಹಿಡಿಯುವುದರಿಂದ, ಇಳಿಯುವ ನೌಕೆಯು ತನ್ನ ನಿರ್ಧಾರಗಳನ್ನು ತಾನೇ ಕೈಗೊಳ್ಳಬೇಕಾಗುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ನೌಕೆ ವಿಕ್ರಮ್ ಇಳಿದದ್ದೂ ತನ್ನೊಳಗಿನ ಕಂಪ್ಯೂಟರಿನ ನಿಯಂತ್ರಣದಲ್ಲೇ.

ಈ ಕೆಲಸವನ್ನು ನರಜಾಲಕ್ಕೆ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ, ನ್ಯೂರಲ್ ನೆಟ್‌ವರ್ಕ್) ಕಲಿಸಲು ಮೊದಲು ಸಿಮ್ಯುಲೇಟರ್ (ಇಳಿಯುವಿಕೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಂ) ಕಟ್ಟಿಕೊಳ್ಳಿ. ಭೂಮಿಯ ಆರನೇ ಒಂದು ಭಾಗದಷ್ಟು ಗುರುತ್ವ, ಇಂಧನ ಉರಿದಂತೆ ಕುಗ್ಗುವ ದ್ರವ್ಯರಾಶಿ, ಎಂಜಿನ್ನಿನ ಗರಿಷ್ಠ ಮತ್ತು ಕನಿಷ್ಠ ನೂಕುಬಲ ಅದರಲ್ಲಿರಲಿ. ಕನಿಷ್ಠ ಮಿತಿಯನ್ನು ಮರೆಯಬಾರದು: ಉರಿಯುತ್ತಿರುವ ಎಂಜಿನ್ನಿನ ಬಲವನ್ನು ಸೊನ್ನೆಯವರೆಗೆ ತಗ್ಗಿಸಲಾಗದು.

ಬಳಿಕ ಬೇರೆ ಬೇರೆ ಎತ್ತರ, ವೇಗಗಳಿಂದ ಹೊರಡುವ ಸಾವಿರಾರು ಮಿತ-ಇಂಧನ ಪಥಗಳನ್ನು, ಅತಿ ಕಡಿಮೆ ಇಂಧನದ ದಾರಿಯನ್ನು ಹುಡುಕುವ ಗಣಿತ ಪ್ರೋಗ್ರಾಂ ಆದ ಆಪ್ಟಿಮೈಸರ್‌ನಿಂದ ಲೆಕ್ಕಹಾಕಿಸಿ, ಪ್ರತಿ ಸ್ಥಿತಿಗೂ ತಕ್ಕ ನೂಕುಬಲವನ್ನು ಊಹಿಸುವಂತೆ ಜಾಲವನ್ನು ತರಬೇತುಗೊಳಿಸಿ. ಇಷ್ಟಕ್ಕೇ ನಿಲ್ಲಿಸಿದರೆ, ಪಥದಿಂದ ತುಸು ಜಾರಿದ ನೌಕೆ ಜಾಲವು ಎಂದೂ ಕಾಣದ ಸ್ಥಿತಿಗೆ ತಲುಪಿ, ತಪ್ಪಿನ ಮೇಲೆ ತಪ್ಪು ಬೆಳೆಯುತ್ತದೆ. ಆದ್ದರಿಂದ ಜಾಲದ ಕೈಗೇ ನೌಕೆಯನ್ನು ಕೊಟ್ಟು ಸಿಮ್ಯುಲೇಟರಿನಲ್ಲಿ ಇಳಿಸಿ, ಅದು ಹಾದುಹೋದ ಸ್ಥಿತಿಗಳಿಗೆ ಆಪ್ಟಿಮೈಸರ್ ಕೊಡುವ ಉತ್ತರಗಳನ್ನು ದತ್ತಾಂಶಕ್ಕೆ ಸೇರಿಸಿ ಮರಳಿ ಕಲಿಸಿ. ಎತ್ತರಮಾಪಕದ ದೋಷ, ನೂಕುಬಲದ ಏರುಪೇರುಗಳನ್ನೂ ಬೆರೆಸಿ.

ಅಂತಿಮ ಅಧಿಕಾರವನ್ನು ಮಾತ್ರ ಜಾಲಕ್ಕೆ ಕೊಡಬೇಡಿ. ವಾಲುವಿಕೆ ಅಥವಾ ಇಳಿವೇಗ ಮಿತಿ ಮೀರಿದೊಡನೆ ನಿಗದಿತ ಸೂತ್ರಗಳಂತೆ ನಡೆಯುವ ಸಾಂಪ್ರದಾಯಿಕ ನಿಯಂತ್ರಕವು ಹೊಣೆ ವಹಿಸಿಕೊಳ್ಳುವಂತೆ ಪ್ರತ್ಯೇಕ ಕಾವಲು ಪ್ರೋಗ್ರಾಂ ಇರಲಿ. ಇದಿಲ್ಲದ ಜಾಲವು ಸಿಮ್ಯುಲೇಟರಿನಲ್ಲಿ ಎಷ್ಟೇ ಮೆತ್ತಗೆ ಇಳಿಸಿದರೂ, ನನ್ನ ಮಟ್ಟಿಗೆ ಹಾರಾಟಕ್ಕೆ ಯೋಗ್ಯವಲ್ಲ.