ಹೇಮಾವತಿ ಹಿನ್ನೀರಿನಲ್ಲಿ ಹಿಂಡಿ ಗಾಳ

ಗೊರೂರು ಅಣೆಕಟ್ಟಿನ ಹಿಂದೆ, ಶೆಟ್ಟಿಹಳ್ಳಿ ಕಡೆಗೆ ಚಾಚಿದ ನೀರಿನಲ್ಲಿ ಗಾಳ ಹಾಕುವ ಮುನ್ನ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಪರವಾನಗಿ ವಿಚಾರಿಸಿಕೊಳ್ಳಿ. ಅಣೆಕಟ್ಟೆಯ ಹತ್ತಿರ ಹೋಗಲೇಬೇಡಿ.

ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಗಾಳದ ಸುತ್ತ ಮೆತ್ತಿ ಬಿಟ್ಟು, ತಳದಲ್ಲಿ ಕರಗುವ ಹಿಂಡಿಗೆ ಗೆಂಡೆ, ಮೃಗಾಲ್ ಬರುತ್ತವೆ, ವಾಸನೆ ಹಿಡಿದು ರೋಹುವೂ ಇಳಿಯುತ್ತದೆ. ಕಾಟ್ಲಾ ಬೇಕೆಂದರೆ ಬೆಂಡು ಕಟ್ಟಿ ಎತ್ತರದಲ್ಲಿ ತೇಲಿಸಬೇಕು, ಅದು ಬೇರೆಯೇ ಪಾಠ.

ಜಾಗ ಗುರುತಿಸಲು ಬೇಸಿಗೆಯೇ ಸರಿ. ನೀರು ಇಳಿದಾಗ ಹಳೆಯ ಹಳ್ಳದ ಹಾದಿ, ಗದ್ದೆ ಬದು, ಮರದ ಬೊಡ್ಡೆ ಎಲ್ಲ ಬಯಲಾಗುತ್ತವೆ. ನೀರು ತುಂಬಿದ ಮೇಲೆ ಹಳ್ಳದ ಅಂಚಿಗೆ ಎಸೆಯಿರಿ. ಬೊಡ್ಡೆ ಇರುವ ಕಡೆ ಎಸೆದರೆ ಗಾಳ ಅಲ್ಲೇ ಉಳಿಯುತ್ತದೆ.

ಏಳೆಂಟು ಅಡಿಯ ಕೋಲು, 0.35 ಮಿ.ಮೀ. ತಂಗೂಸಿ ದಾರ ಸಾಕು. ದಾರಕ್ಕೆ ಜಾರುವಂತೆ 30 ಗ್ರಾಂ ಸೀಸ ಪೋಣಿಸಿ, ಕೆಳಗೆ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ), ಅದಕ್ಕೆ ನಾಲ್ಕು ಗಾಳದ ಸ್ಪ್ರಿಂಗ್ (ಹಿಂಡಿ ಹಿಡಿದಿಡುವ ತಂತಿ ಸುರುಳಿ). ಗಾಳದ ಎಳೆಗಳು ಮೂರು ಇಂಚು ಮೀರಿದರೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ದುಬಾರಿ ರೀಲಿಗೆ ಸುರಿಯುವ ಹಣಕ್ಕಿಂತ ಹಿಂಡಿಗೆ ಕೊಡುವ ಗಮನವೇ ಹೆಚ್ಚು ಮೀನು ತರುತ್ತದೆ.

ಅರ್ಧ ಕಿಲೋ ಕಡಲೆಕಾಯಿ ಹಿಂಡಿ ಪುಡಿ ಮಾಡಿ, ಘಮ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿಯಿರಿ. ಆರಿದ ಮೇಲೆ ಕಾಲು ಕಿಲೋ ತೌಡು, ನೂರು ಗ್ರಾಂ ಮೈದಾ ಬೆರೆಸಿ, ನೀರು ಚಿಮುಕಿಸುತ್ತಾ ಕಲಸಿ ಇಪ್ಪತ್ತು ನಿಮಿಷ ಬಿಡಿ. ಹಿಂಡಿ ನಿಧಾನವಾಗಿ ನೀರು ಹೀರುವುದರಿಂದ ಮೊದಲೇ ಸುರಿದುಬಿಟ್ಟರೆ ಕೊನೆಗೆ ಅಂಬಲಿಯಾಗುತ್ತದೆ. ನಿಂಬೆಹಣ್ಣಿನ ಗಾತ್ರದ ಉಂಡೆಯೊಂದನ್ನು ಬಕೆಟ್ ನೀರಿಗೆ ಬಿಟ್ಟು ನೋಡಿ: ಹತ್ತು ನಿಮಿಷಕ್ಕೆ ಅಂಚು ಉದುರತೊಡಗಿ, ಇಪ್ಪತ್ತಕ್ಕೆ ಅರ್ಧ ಕರಗಿರಬೇಕು. ಬಿದ್ದೊಡನೆ ಚದುರಿದರೆ ಇನ್ನೊಂದು ಹಿಡಿ ಮೈದಾ, ಕಲ್ಲಿನಂತೆ ಕೂತರೆ ತೌಡು.

ಮೊದಲು ಗಾಳವಿಲ್ಲದ ಐದಾರು ಉಂಡೆ ಎಸೆಯಿರಿ. ಆಮೇಲೆ ಸ್ಪ್ರಿಂಗಿನ ಸುತ್ತ ಹಿಂಡಿ ಒತ್ತಿ, ಗಾಳದ ಮೊನೆಗಳನ್ನು ಅದರಲ್ಲೇ ಹುದುಗಿಸಿ ಅಲ್ಲಿಗೇ ಬಿಡಿ. ಎಸೆದ ದೂರಕ್ಕೆ ದಾರದ ಮೇಲೆ ಬಣ್ಣದ ನೂಲಿನ ಗಂಟು ಹಾಕಿಕೊಂಡರೆ ಪ್ರತಿ ಸಲ ಅದೇ ಜಾಗ ಸಿಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎಳೆದು ಹೊಸ ಹಿಂಡಿ ಹಾಕಿ. ಖಾಲಿ ಸ್ಪ್ರಿಂಗ್ ಕಾಯುತ್ತಾ ಕೂರುವವರೇ ಹೆಚ್ಚು!

ಕೋಲಿನ ತುದಿಯ ಗೆಜ್ಜೆ ಬಿಡದೆ ಕಿಣಿಕಿಣಿ ಎಂದರೆ ಜಿಲೇಬಿ ಮೀನು (ತಿಲಾಪಿಯಾ) ಅಥವಾ ಸಣ್ಣಮೀನು ಹಿಂಡಿ ಕೀಳುತ್ತಿವೆ, ಉಂಡೆ ಗಟ್ಟಿ ಮಾಡಿ. ಒಂದೆರಡು ಸಲ ಅಲುಗಿ, ದಾರ ನೇರವಾಗಿ ಓಡತೊಡಗಿದರೆ ಆಗ ಕೋಲೆತ್ತಿ. ರೀಲಿನ ಡ್ರ್ಯಾಗ್ (ದಾರ ಬಿಡುವುದನ್ನು ತಡೆಯುವ ಬಿಗಿತ) ಬಿಗಿದಿಟ್ಟರೆ ಮೊದಲ ಓಟಕ್ಕೇ ದಾರ ಹರಿಯುತ್ತದೆ. ಕೈಯಿಂದ ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವಷ್ಟು ಸಡಿಲವಿರಲಿ. ದಡಕ್ಕೆ ಬಂದ ಮೀನನ್ನು ದಾರದಲ್ಲೇ ಎತ್ತದೆ ಕೈಬಲೆಯಲ್ಲಿ ತೆಗೆಯಿರಿ. ಬಾಯಲ್ಲಿರುವುದು ಒಂದೇ ಗಾಳ, ಉಳಿದ ಮೂರು ಹೊರಗೇ ನೇತಾಡುತ್ತಿರುತ್ತವೆ. ಮೀನು ಒಮ್ಮೆ ಕೊಸರಿದರೆ ಅವು ಬೆರಳಿಗೇ ಚುಚ್ಚುತ್ತವೆ. ಒದ್ದೆ ಬಟ್ಟೆಯಿಂದ ಮೀನನ್ನು ಒತ್ತಿ ಹಿಡಿದು, ಇಕ್ಕಳದಲ್ಲಿ ಬಿಡಿಸಿ.